ಫ್ಲಟರ್ ಬಿಟ್ಟು ಕೋಟ್ಲಿನ್ ಆರಿಸಿಕೊಂಡದ್ದೇಕೆ?

ಹುಬ್ಬಳ್ಳಿಯಲ್ಲಿ ಆ್ಯಪ್ ರೂಪಿಸುವ ನನ್ನ ಗೆಳೆಯರು ಮೊದಲು ಸೂಚಿಸುವುದು ಆ್ಯಪ್ ಕಟ್ಟುವ ಸಾಧನವಾದ ಫ್ಲಟರ್ ಅನ್ನು. 2018ರ ಡಿಸೆಂಬರ್‌ನಲ್ಲಿ ಗೂಗಲ್ ಅದರ ಮೊದಲ ಸ್ಥಿರ ಆವೃತ್ತಿಯನ್ನು ಬಿಡುಗಡೆ ಮಾಡಿತು. ಡಾರ್ಟ್ ಭಾಷೆಯಲ್ಲಿ ಒಮ್ಮೆ ಬರೆದ ಕೋಡ್ ಆಂಡ್ರಾಯ್ಡ್, ಐಫೋನ್ ಎರಡರಲ್ಲಿಯೂ ನಡೆಯುವುದರಿಂದ ಚಿಕ್ಕ ತಂಡಗಳಿಗೆ ಅದು ನಿಜಕ್ಕೂ ಅನುಕೂಲ. ಆದರೂ ಹಿಂದೂಸ್ತಾನಿ ಸಂಗೀತ ಹಾಗೂ ಸಣ್ಣಾಟದ ಧ್ವನಿಮುದ್ರಣಗಳ ಆ್ಯಪ್‌ಗೆ ನಾನು, ಆಂಡ್ರಾಯ್ಡ್‌ಗೆ ನೇರವಾಗಿ ಬರೆಯಬಲ್ಲ ಭಾಷೆಯಾದ ಕೋಟ್ಲಿನ್ ಆರಿಸಿಕೊಂಡೆ.

ಪರದೆ ಆರಿದ ಮೇಲೂ ಹಾಡು ನಡೆಯಬೇಕು, ಕರೆ ಬಂದಾಗ ನಿಂತು ಅದು ಮುಗಿದೊಡನೆ ಮುಂದುವರಿಯಬೇಕು. ಆಂಡ್ರಾಯ್ಡ್ 14ಕ್ಕೆಂದು ಸಿದ್ಧಪಡಿಸುವ ಆ್ಯಪ್, ಪರದೆ ಆರಿದಾಗಲೂ ಕೆಲಸ ಮುಂದುವರಿಸುವ ತನ್ನ ಫೋರ್‌ಗ್ರೌಂಡ್ ಸರ್ವಿಸ್ ಯಾವ ಬಗೆಯದೆಂದು ಮೊದಲೇ ಘೋಷಿಸಬೇಕಾಗುತ್ತದೆ. ಫ್ಲಟರ್‌ನಲ್ಲಿಯೂ ಇದು ಸಾಧ್ಯವೇ. ಆದರೆ ಯಾರೋ ಬರೆದ ಪ್ಲಗಿನ್ (ಆ್ಯಪ್‌ಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಹೊಸ ನಿಯಮಕ್ಕೆ ಹೊಂದಿಕೊಳ್ಳುವವರೆಗೆ ಕಾಯುವುದು ನನಗೆ ಒಗ್ಗದ ಮಾತು.

ಮೊಬೈಲ್ ಮನರಂಜನೆಯ ನಾಳೆಗಳೆಲ್ಲ ಕಿರು ವಿಡಿಯೊಗಳದ್ದೇ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 1950ರಿಂದ ಆಕಾಶವಾಣಿ ಕೇಳುತ್ತ ಬಂದಿರುವ, ಮಲ್ಲಿಕಾರ್ಜುನ ಮನಸೂರ ಮತ್ತು ಗಂಗೂಬಾಯಿ ಹಾನಗಲ್ ಹಾಡಿದ ಈ ಸೀಮೆಯಲ್ಲಿ ನಿಧಾನಗತಿಯಲ್ಲಿ ದೀರ್ಘವಾಗಿ ಹಾಡುವ ವಿಲಂಬಿತ ಖಯಾಲನ್ನು ಅರ್ಧ ನಿಮಿಷಕ್ಕೆ ಕತ್ತರಿಸಿ ಕೊಡುವುದಾದರೂ ಹೇಗೆ? ಲೆಕ್ಕವೂ ಧ್ವನಿಯ ಪರವಾಗಿಯೇ ಇದೆ: ಸೆಕೆಂಡಿಗೆ 1 ಮೆಗಾಬಿಟ್‌ನ ವಿಡಿಯೊ ಗಂಟೆಗೆ 450 ಎಂಬಿ ನುಂಗಿದರೆ, 64 ಕಿಲೋಬಿಟ್‌ನ, ಓಪಸ್ ಎಂಬ ಸಂಕುಚಿತ ರೂಪದ ಧ್ವನಿಗೆ 28.8 ಎಂಬಿ ಸಾಕು. ಗದಗಿಗೆ ಹೊರಡುವ ಮುನ್ನ ಮನೆಯ ವೈಫೈನಲ್ಲಿ ಇಳಿಸಿಕೊಂಡರೆ ದಾರಿಯುದ್ದಕ್ಕೂ ನೆಟ್‌ವರ್ಕ್ ಬೇಕಿಲ್ಲ.

ಐಫೋನ್ ಆವೃತ್ತಿಯನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇನೆ. ಕೋಟ್ಲಿನ್ ಕೋಡನ್ನು ಐಫೋನ್‌ನಲ್ಲಿಯೂ ಬಳಸಲು ನೆರವಾಗುವ ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ 2023ರ ನವೆಂಬರ್‌ನಲ್ಲಿ ಸ್ಥಿರಗೊಂಡಿರುವುದರಿಂದ, ಡೌನ್‌ಲೋಡ್ ಮತ್ತು ಹುಡುಕಾಟದ ಭಾಗವನ್ನು ಅಲ್ಲಿಯೂ ಬಳಸಿ, ಪರದೆಯನ್ನು ಮಾತ್ರ ಐಫೋನ್ ಆ್ಯಪ್‌ಗಳ ಭಾಷೆಯಾದ ಸ್ವಿಫ್ಟ್‌ನಲ್ಲಿ ಬರೆಯುವ ಯೋಚನೆಯಿದೆ.