ಒಂಬತ್ತು ಫಂಡ್ ಇದ್ದವು, ಒಂಬತ್ತೂ ಒಟ್ಟಿಗೇ ಬಿದ್ದವು

2020ರ ಮಾರ್ಚ್‌ನಲ್ಲಿ ಒಂದು ಸಂಜೆ ಆ್ಯಪ್ ತೆರೆದು ನೋಡಿದರೆ ಮೇಲಿಂದ ಕೆಳಗಿನವರೆಗೂ ಕೆಂಪು. ನನ್ನ ಹತ್ತಿರ ಒಂಬತ್ತು ಮ್ಯೂಚುವಲ್ ಫಂಡ್‌ಗಳಿದ್ದವು. ಒಂಬತ್ತು ಇವೆಯಲ್ಲ, ದುಡ್ಡು ಚೆನ್ನಾಗಿ ಹಂಚಿದೆ ಅಂತ ಹಾಯಾಗಿದ್ದೆ. ಎಲ್ಲವೂ ಹೆಚ್ಚುಕಮ್ಮಿ ಒಂದೇ ಲೆಕ್ಕದಲ್ಲಿ ಬಿದ್ದಿದ್ದವು. ಆ ರಾತ್ರಿ ನಿದ್ದೆ ಬರಲಿಲ್ಲ, ಕೂತು ಒಂದು ಎಕ್ಸೆಲ್ ಶೀಟ್ ಮಾಡಿ ಪ್ರತಿ ಫಂಡಿನ ಮೊದಲ ಹತ್ತು ಕಂಪನಿಗಳ ಹೆಸರನ್ನು ಪಕ್ಕಪಕ್ಕ ಬರೆದೆ. ಏಳು ಫಂಡಿನಲ್ಲಿ ಅದೇ ಐದಾರು ಹೆಸರು! ಒಂಬತ್ತು ಕಡೆ ಫೀಸ್ ಕಟ್ಟಿ ಒಂದೇ ಸಾಮಾನು ಕೊಂಡಿದ್ದೆ.

ಆಮೇಲೆ ಶೀಟಿನ ಕೊನೆಗೆ ಒಂದು ಕಾಲಂ ಸೇರಿಸಿದೆ: 'ಇದಕ್ಕೆ ಏನಾದರೆ ಹೊಡೆತ?' ಪ್ರತಿ ಸಾಲಿನ ಮುಂದೆ ಉತ್ತರ ಬರೆಯಬೇಕು. ಒಂಬತ್ತಕ್ಕೂ ಬಂದ ಉತ್ತರ ಒಂದೇ, ವ್ಯಾಪಾರ ಕುಸಿದರೆ. ನಾನು ಕಲಿತಿದ್ದರಲ್ಲಿ ಮುಕ್ಕಾಲು ಭಾಗ ಈ ಒಂದು ಕಾಲಂನಿಂದಲೇ. ಬೇರೆ ಬೇರೆ ಕಾರಣಕ್ಕೆ ಬೀಳುವ ವಸ್ತುಗಳು ಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ ಇದನ್ನು 1952ರಲ್ಲೇ ಗಣಿತ ಹಾಕಿ ತೋರಿಸಿದ್ದರು, ಅದಕ್ಕೆ 1990ರಲ್ಲಿ ನೊಬೆಲ್ ಕೂಡ ಬಂತು. ನನಗೆ ಗೊತ್ತಾಗೋಕೆ ದುಡ್ಡು ಕಳೆದುಕೊಳ್ಳಬೇಕಾಯಿತು.

ಷೇರಿನ ವಿಷಯ ಎಲ್ಲರಿಗೂ ಗೊತ್ತು. ಜನ ಎಡವುವುದು ಬಾಂಡ್ ಹತ್ತಿರ, ಅಂದರೆ ಸರ್ಕಾರಕ್ಕೋ ಕಂಪನಿಗೋ ನಾವು ಬಡ್ಡಿಗೆ ಕೊಡುವ ಸಾಲದ ಪತ್ರ. 'ಬಾಂಡ್ ಅಂದರೆ ಸೇಫ್' ಅಂತ ಹೇಳಿಬಿಡುತ್ತಾರೆ. ಯಾವುದರಿಂದ ಸೇಫ್ ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಹತ್ತಿರ 3% ಬಡ್ಡಿ ಕೊಡುವ ಹಳೆ ಬಾಂಡ್ ಇದೆ ಅಂದುಕೊಳ್ಳಿ. ಮಾರುಕಟ್ಟೆಗೆ 5% ಕೊಡುವ ಹೊಸದು ಬಂತು. ನಿಮ್ಮದನ್ನು ಪೂರ್ತಿ ಬೆಲೆ ಕೊಟ್ಟು ಯಾರು ಕೊಳ್ಳುತ್ತಾರೆ? ಬೆಲೆ ಇಳಿಸಲೇಬೇಕು. ಎಷ್ಟು ಇಳಿಯುತ್ತದೆ ಅಂತ ತಿಳಿಯೋಕೆ ಫಂಡಿನ ಮಾಹಿತಿ ಹಾಳೆಯಲ್ಲಿ 'ಡ್ಯುರೇಶನ್' ಅನ್ನುವ ಸಂಖ್ಯೆ ನೋಡಿ. ಅದು 7 ಇದ್ದರೆ, ಬಡ್ಡಿ ದರ 1% ಏರಿದಾಗ ಬೆಲೆ ಸುಮಾರು 7% ಬೀಳುತ್ತದೆ. ಮೂರು ವರ್ಷದೊಳಗೆ ಬೇಕಾಗುವ ದುಡ್ಡನ್ನು ಡ್ಯುರೇಶನ್ ಜಾಸ್ತಿ ಇರುವ ಫಂಡಿನಲ್ಲಿ ಇಡಲೇಬೇಡಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಎರಡು ವರ್ಷಗಳನ್ನು ಎದುರುಬದುರು ಇಟ್ಟರೆ ವಿಷಯ ಸ್ಪಷ್ಟವಾಗುತ್ತದೆ. 2008ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಎಸ್ ಅಂಡ್ ಪಿ 500, ಡಿವಿಡೆಂಡ್ (ಕಂಪನಿ ಹಂಚುವ ಲಾಭ) ಸೇರಿಸಿದರೂ ಸುಮಾರು 37% ಬಿತ್ತು, ಅಲ್ಲಿನ ಸರ್ಕಾರಿ ಬಾಂಡ್‌ಗಳು ಮಾತ್ರ ಏರಿದವು. ಜನ ಹೆದರಿದ್ದರು, ಬಡ್ಡಿ ಇಳಿಯುತ್ತಿತ್ತು. 2022ರಲ್ಲಿ ಷೇರು ಸುಮಾರು 18% ಬಿತ್ತು, ಬಾಂಡ್ ಸೂಚ್ಯಂಕವೂ ಜೊತೆಗೇ ಸುಮಾರು 13% ಬಿತ್ತು. ಯಾಕೆ? ಈ ಸಲ ಕಾಟ ಕೊಟ್ಟಿದ್ದು ಬೆಲೆ ಏರಿಕೆ. ಜೂನ್‌ನಲ್ಲಿ ಅದು 9.1% ಮುಟ್ಟಿತ್ತು, ಸೊನ್ನೆಯ ಹತ್ತಿರ ಇದ್ದ ಬಡ್ಡಿ ದರವನ್ನು ಅಮೆರಿಕದ ಕೇಂದ್ರ ಬ್ಯಾಂಕ್ ವರ್ಷ ಮುಗಿಯುವುದರೊಳಗೆ 4% ದಾಟಿಸಿತು. ಒಂದು ಕಾಯಿಲೆಗೆ ಕೆಲಸ ಮಾಡಿದ ಔಷಧಿ ಇನ್ನೊಂದಕ್ಕೆ ಮಾಡಲಿಲ್ಲ, ಅಷ್ಟೇ.

ಹಾಗಾದರೆ ಚಿನ್ನ? ಇರಲಿ, ಆದರೆ ಸ್ವಲ್ಪ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ ಚಿನ್ನ ಆ ಬೆಲೆಯನ್ನು ಮತ್ತೆ ನೋಡಿದ್ದು 2008ರಲ್ಲಿ. ಅಲ್ಲಿಗೆ ಒಬ್ಬರ ಇಡೀ ನೌಕರಿಯೇ ಮುಗಿದಿರುತ್ತದೆ. ಒಂದೇ ದೇಶದ ಷೇರು ಕೂಡ ಹಾಗೇ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಕೊನೆಯ ಎತ್ತರವನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ. ಹೊರದೇಶದ ಷೇರು ಯಾಕೆ ಬೇಕು ಅಂತ ಯಾರಾದರೂ ವಾದಕ್ಕೆ ಬಂದರೆ ನಾನು ಇದೊಂದೇ ಹೇಳಿ ಸುಮ್ಮನಾಗುತ್ತೇನೆ.

ಇನ್ನು ನಗದು. ಬೆಲೆ ಏರಿಕೆ ಅದನ್ನು ಮೆಲ್ಲಗೆ ತಿನ್ನುತ್ತದೆ, ನಿಜ. ಆದರೆ 2020ರ ಮಾರ್ಚ್‌ನಲ್ಲಿ ಕೆಲವು ದಿನ ಚಿನ್ನವೂ ಬಿತ್ತು, ಯಾಕಂದರೆ ಎಲ್ಲರಿಗೂ ಏಕಕಾಲಕ್ಕೆ ಕೈಯಲ್ಲಿ ದುಡ್ಡು ಬೇಕಿತ್ತು. ಆರು ತಿಂಗಳ ಖರ್ಚು ಪಕ್ಕಕ್ಕಿಟ್ಟುಬಿಡಿ. ಅದನ್ನು ಹೂಡಿಕೆ ಅಂತ ಲೆಕ್ಕಕ್ಕೇ ಹಿಡಿಯಬೇಡಿ.

ಈಗ ನನ್ನದು 60 ಭಾಗ ಷೇರು, 20 ಬಾಂಡ್, 10 ಚಿನ್ನ, 10 ಅಲ್ಪಾವಧಿ ಠೇವಣಿ. ಇದನ್ನು ನಕಲು ಮಾಡಬೇಡಿ, ನನ್ನ ವಯಸ್ಸು ಬೇರೆ, ನಿಮ್ಮದು ಬೇರೆ. ಹಂಚುವುದು ಒಂದು ದಿನದ ಕೆಲಸ, ಹಂಚಿದ್ದನ್ನು ಹಾಗೇ ಉಳಿಸಿಕೊಳ್ಳುವುದರಲ್ಲೇ ಪ್ರಾಣ ಹೋಗುತ್ತದೆ. ಷೇರು ಅರ್ಧಕ್ಕೆ ಬಿದ್ದು ಉಳಿದದ್ದು ಹಾಗೇ ಇದೆ ಅಂದುಕೊಳ್ಳಿ. 60 ಹೋಗಿ 30 ಆಯಿತು, ಒಟ್ಟು 70. ಮತ್ತೆ 60% ಆಗಬೇಕಾದರೆ ಷೇರು 42 ಇರಬೇಕು. ಅಂದರೆ ಟಿವಿಯಲ್ಲಿ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿರುವಾಗ ನೀವು ಬೇರೆ ಕಡೆಯಿಂದ 12 ತೆಗೆದು ಅಲ್ಲಿಗೇ ಹಾಕಬೇಕು. ಕೈ ನಡುಗುತ್ತದೆ. ನನಗಂತೂ ಇದಕ್ಕಿಂತ ಕಷ್ಟ ಏರುತ್ತಿರುವುದನ್ನು ಮಾರುವುದು. ಒಂದು ಸಲ ಹಾಗೆ ಮಾರಿದ ಮೇಲೂ ಷೇರು ನಾಲ್ಕು ತಿಂಗಳು ಏರುತ್ತಲೇ ಇತ್ತು, ದಿನಾ ನೋಡಿ ಹೊಟ್ಟೆ ಉರಿಸಿಕೊಂಡೆ.

ಅದಕ್ಕೇ ನಿಯಮ ಮಾಡಿಕೊಂಡಿದ್ದೇನೆ. ವರ್ಷಕ್ಕೆ ಎರಡೇ ಸಲ ನೋಡುವುದು, 5 ಪಾಯಿಂಟ್ ಆಚೀಚೆ ಆಗಿದ್ದರೆ ಮಾತ್ರ ಕೈ ಹಾಕುವುದು. ಆದಷ್ಟು ಮಟ್ಟಿಗೆ ಹೊಸ ದುಡ್ಡನ್ನು ಹಿಂದೆ ಬಿದ್ದಿರುವ ಕಡೆ ಹಾಕುತ್ತೇನೆ. ಮಾರುವ ಗೋಜಿಲ್ಲ, ತೆರಿಗೆಯೂ ಇಲ್ಲ.

ಮೊನ್ನೆ ಗೆಳೆಯನೊಬ್ಬ ಶೀಟ್ ನೋಡಿ, "ಈ ಬಾಂಡ್ ಸಾಲು ಸುಮ್ನೆ ಬಿದ್ದಿದೆಯಲ್ಲೋ, ತೆಗೆದುಹಾಕಬಾರದಾ?" ಅಂದ. ಕೊನೆಯ ಕಾಲಂ ತೋರಿಸಿದೆ. ಓದಿ, ಮತ್ತೆ ಅದೇ ಕೇಳಿದ. ಮುಂದಿನ ತಿಂಗಳು ನೋಡುವ ದಿನ ಬರುತ್ತದೆ. ಷೇರು 64ಕ್ಕೆ ಬಂದು ಕೂತಿದೆ, ಇನ್ನೊಂದು ಪಾಯಿಂಟ್ ಏರಿದರೆ ಮಾರಬೇಕು. ಏರದಿದ್ದರೆ ಸಾಕಪ್ಪಾ ಅಂತ ಅನ್ನಿಸುತ್ತಿದೆ, ನಗಬೇಡಿ.