ಯಾವ ಸಾಫ್ಟ್‌ವೇರ್ ಕಲಿಯಲಿ, ಮೇಡಂ?

ನಾನು ಕೃಷಿ ಎಂ.ಎಸ್ಸಿ. ಓದುವ ಮಕ್ಕಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಥೀಸಿಸ್ ಬರೆಯುವ ಹೊತ್ತಿಗೆ ಅವರೆಲ್ಲ ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾರೆ. ಹೆಚ್ಚಿನವರ ಮೊದಲ ಮಾತು ಒಂದೇ: "ಮೇಡಂ, ಯಾವ ಸಾಫ್ಟ್‌ವೇರ್ ಕಲಿಯಲಿ? ಎಸ್‌ಪಿಎಸ್‌ಎಸ್ ಸಾಕಾ, ಆರ್ ಕಲೀಲೇಬೇಕಾ?" ಎರಡೂ ಅಂಕಿಅಂಶಗಳ ಲೆಕ್ಕ ಬಿಡಿಸುವ ಸಾಫ್ಟ್‌ವೇರ್‌ಗಳು. ಈಗ ಬೇರೆ ಊರಿನ ಹುಡುಗರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಉತ್ತರ ಬೇಕಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಆರ್ ಕಲಿಯಿರಿ. ಆದರೆ ಲ್ಯಾಪ್‌ಟಾಪ್ ತೆರೆಯುವ ಮುಂಚೆ ಒಂದು ಹಾಳೆ, ಒಂದು ಪೆನ್ ತಗೊಳ್ಳಿ. ಯಾಕೆ ಅನ್ನೋದಕ್ಕೆ ಒಬ್ಬ ಹುಡುಗನ ವಿಷಯ ಹೇಳಬೇಕು.

ಅವನದು ರಾಗಿಯ ಮೇಲೆ ಪ್ರಯೋಗ. ಸಾರಜನಕ ಮತ್ತು ಕೊಟ್ಟಿಗೆ ಗೊಬ್ಬರದ ಬೇರೆ ಬೇರೆ ಪ್ರಮಾಣ ಸೇರಿಸಿ ಏಳು ಟ್ರೀಟ್‌ಮೆಂಟ್, ಮೂರು ರೆಪ್ಲಿಕೇಶನ್. ಆರ್‌ಸಿಬಿಡಿ ವಿನ್ಯಾಸ, ಅಂದರೆ ಹೊಲವನ್ನು ಮೂರು ಭಾಗ ಮಾಡಿ, ಪ್ರತಿ ಭಾಗದಲ್ಲೂ ಏಳೂ ಟ್ರೀಟ್‌ಮೆಂಟನ್ನು ಒಂದೊಂದು ಸಲ ಚೀಟಿ ಎತ್ತಿ ಹಾಕುವುದು. ಆ ಒಂದೊಂದು ಭಾಗವೇ ರೆಪ್ಲಿಕೇಶನ್. ಒಟ್ಟು 21 ತಾಕು, ಅಂದರೆ ಹೊಲದ ಚಿಕ್ಕ ತುಂಡು. ಪ್ರತಿ ತಾಕಿನಲ್ಲಿ ಐದು ಗಿಡಕ್ಕೆ ಗುರುತು ಕಟ್ಟಿ, ಎತ್ತರ ಅಳೆದು, ತೆಂಡೆ (ಬುಡದಿಂದ ಒಡೆಯುವ ಕವಲು) ಎಣಿಸಿದ್ದ. ಇಳುವರಿಯನ್ನು ಮಾತ್ರ ಇಡೀ ತಾಕಿನದ್ದು ತೂಗಿದ್ದ. ಬಂದವನು ಎರಡು ಟೇಬಲ್ ಮುಂದಿಟ್ಟ. ತೆಂಡೆಯ ಟೇಬಲ್ಲಿನಲ್ಲಿ ಐದನೇ ಟ್ರೀಟ್‌ಮೆಂಟ್ ನಾಲ್ಕನೆಯದಕ್ಕಿಂತ ಸ್ಪಷ್ಟವಾಗಿ ಮೇಲು. ಇಳುವರಿಯ ಟೇಬಲ್ಲಿನಲ್ಲಿ ಎರಡೂ ಆನ್ ಪಾರ್, ಅಂದರೆ ನಂಬುವಷ್ಟು ವ್ಯತ್ಯಾಸ ಇಲ್ಲ. ತೆಂಡೆ ಜಾಸ್ತಿ ಬಂದರೂ ಇಳುವರಿ ಯಾಕೆ ಜಾಸ್ತಿ ಆಗಲಿಲ್ಲ ಎಂದು ಗೈಡ್ ಕೇಳಿದ್ದರು. ಪಾಪ, ಅವನು ಅದಕ್ಕೆ ಒಂದೂವರೆ ಪುಟ ವಿವರಣೆ ಬರೆದುಕೊಂಡು ಬಂದಿದ್ದ. ಹೆಚ್ಚಿನ ಸಾರಜನಕಕ್ಕೆ ಬಂದ ತೆಂಡೆಗಳಲ್ಲಿ ಕಾಳು ಕಟ್ಟಲಿಲ್ಲ, ತೆನೆ ಬಿಡುವಾಗ ಮಳೆ ಕೈಕೊಟ್ಟಿತು ಅಂತೆಲ್ಲ. ಆಮೇಲೆ ಕೇಳಿದ: "ಬೇರೆ ಸಾಫ್ಟ್‌ವೇರ್‌ನಲ್ಲಿ ಹಾಕಿದ್ರೆ ಎರಡೂ ಹೊಂದಿಕೆಯಾಗುತ್ತಾ ಮೇಡಂ?"

ನಾನು ತೆಂಡೆಯ ಟೇಬಲ್ಲಿನ ಹಿಂದಿನ ಅನೋವಾ (ಏರುಪೇರಿನಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸುವ ಪಟ್ಟಿ) ತೋರಿಸು ಅಂದೆ. ಎರರ್‌ನ ಎದುರು ಡಿ.ಎಫ್. ಅಂಕಣದಲ್ಲಿ 96 ಅಂತ ಇತ್ತು. ಎರರ್ ಅಂದರೆ ಟ್ರೀಟ್‌ಮೆಂಟ್, ರೆಪ್ಲಿಕೇಶನ್ ಎರಡರ ಪಾಲೂ ಕಳೆದು ಉಳಿದ ಏರುಪೇರು. ಡಿ.ಎಫ್. ಅಂದರೆ ಡಿಗ್ರೀಸ್ ಆಫ್ ಫ್ರೀಡಂ, ಸ್ವತಂತ್ರ ಮಾಹಿತಿ ಎಷ್ಟಿದೆ ಎನ್ನುವ ಎಣಿಕೆ.

ಹಾಳೆ ಅವನ ಕೈಗೇ ಕೊಟ್ಟು ಬರೆಯಲು ಹೇಳಿದೆ. ತಾಕು 21, ಅದರಲ್ಲಿ ಒಂದು ಕಳೆದರೆ ಒಟ್ಟು ಡಿ.ಎಫ್. 20. ರೆಪ್ಲಿಕೇಶನ್ ಮೂರು, ಅದಕ್ಕೆ 2. ಟ್ರೀಟ್‌ಮೆಂಟ್ ಏಳು, ಅದಕ್ಕೆ 6. ಉಳಿದದ್ದು 12. ಎರರ್‌ಗೆ ಸಿಗಬೇಕಾದದ್ದು ಇಷ್ಟೇ. ಈ 96 ಎಲ್ಲಿಂದ ಬಂತು? ಅವನೇ ಎರಡು ನಿಮಿಷ ಯೋಚಿಸಿ ಕಂಡುಹಿಡಿದ. 21 ತಾಕಿನ ಐದೈದು ಗಿಡ ಸೇರಿಸಿ 105 ಸಂಖ್ಯೆಗಳನ್ನು ಹಾಗೇ ತುಂಬಿದ್ದ. 104ರಲ್ಲಿ 2 ಮತ್ತು 6 ಕಳೆದರೆ 96.

ಒಂದೇ ತಾಕಿನ ಐದು ಗಿಡಗಳು ಒಂದೇ ಮಣ್ಣಿನಲ್ಲಿ ಬೆಳೆದಿವೆ, ಒಂದೇ ಗೊಬ್ಬರ ತಿಂದಿವೆ, ಅಲ್ವಾ? ತಾಕಿನಲ್ಲಿ ನೀರು ನಿಂತರೆ ಐದಕ್ಕೂ ತೊಂದರೆ. ಗೊಬ್ಬರ ಕೊಟ್ಟದ್ದು ತಾಕಿಗೆ, ಗಿಡಕ್ಕಲ್ಲ. ಚೀಟಿ ಎತ್ತಿ ಯಾವ ಟ್ರೀಟ್‌ಮೆಂಟ್ ಎಲ್ಲಿ ಎಂದು ತೀರ್ಮಾನಿಸಿದ್ದೂ ತಾಕಿಗೇ. ಹಾಗಾಗಿ ಪ್ರತಿ ಟ್ರೀಟ್‌ಮೆಂಟಿಗೆ ಅವನ ಹತ್ತಿರ ಇದ್ದದ್ದು ಮೂರು ಸಾಕ್ಷಿ, ಹದಿನೈದಲ್ಲ. ಹದಿನೈದು ಅಂತ ಲೆಕ್ಕ ಹಿಡಿದಾಗ ಸಿ.ಡಿ. ಬೆಲೆ ತೀರಾ ಸಣ್ಣದಾಯಿತು. ಎರಡು ಸರಾಸರಿಗಳ ನಡುವೆ ಇಷ್ಟಾದರೂ ಅಂತರ ಇದ್ದರೆ ಮಾತ್ರ ಅದನ್ನು ನಂಬಬಹುದು ಎನ್ನುವ ಗೆರೆ ಸಿ.ಡಿ. ಗೆರೆ ಕೆಳಗಿಳಿದರೆ ಎಲ್ಲವೂ ದೊಡ್ಡ ವ್ಯತ್ಯಾಸದ ಹಾಗೆಯೇ ಕಾಣುತ್ತದೆ.

ಐದು ಗಿಡಗಳ ಸರಾಸರಿ ತೆಗೆದು ತಾಕಿಗೊಂದು ಸಂಖ್ಯೆ ಮಾಡಿ ಮತ್ತೆ ಹಾಕಿದೆವು. ತೆಂಡೆಯಲ್ಲೂ ನಾಲ್ಕು ಮತ್ತು ಐದು ಆನ್ ಪಾರ್ ಬಂತು. ಒಂದೂವರೆ ಪುಟದ ವಿವರಣೆಗೆ ಕೆಲಸವೇ ಉಳಿಯಲಿಲ್ಲ. ಇಲ್ಲದ ವ್ಯತ್ಯಾಸಕ್ಕೆ ಆ ಹುಡುಗ ಕಾರಣ ಹುಡುಕುತ್ತ ಎಷ್ಟು ರಾತ್ರಿ ಕಳೆದಿದ್ದನೋ!

ಇದರಲ್ಲಿ ಸಾಫ್ಟ್‌ವೇರ್‌ನ ತಪ್ಪು ಏನೂ ಇರಲಿಲ್ಲ. ಆ 105 ಸಂಖ್ಯೆಗಳನ್ನು ಹಾಗೇ ಕೊಟ್ಟರೆ ಎಸ್‌ಪಿಎಸ್‌ಎಸ್, ಎಸ್‌ಎಎಸ್, ಆರ್ ಮೂರೂ 96 ಅಂತಲೇ ಹೇಳುತ್ತವೆ. ಗೊಬ್ಬರ ಎರಚಿದ್ದು ತಾಕಿಗೋ ಗಿಡಕ್ಕೋ ಅನ್ನೋದು ಯಾವ ಫೈಲಿನಲ್ಲೂ ಬರೆದಿರುವುದಿಲ್ಲ. ಅದು ಗದ್ದೆಗೆ ಹೋದವರಿಗೆ ಮಾತ್ರ ಗೊತ್ತು. ಈಗ ಎಐ ಹತ್ತಿರ ಕೋಡ್ ಬರೆಸಿಕೊಂಡು ಬರುವವರೂ ಇದ್ದಾರೆ. ಕೋಡ್ ಚೆನ್ನಾಗಿಯೇ ಇರುತ್ತದೆ. ಆದರೆ ತಾಕು ಯಾವುದು ಗಿಡ ಯಾವುದು ಎಂದು ನೀವು ಹೇಳದಿದ್ದರೆ ಅದಕ್ಕೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಹಾಳೆಯಲ್ಲಿ ಡಿ.ಎಫ್. ಬರೆದು ತರದವರ ಡೇಟಾ ಮುಟ್ಟುವುದಿಲ್ಲ. ಅದು ನಿಷ್ಠುರ ಅನಿಸಬಹುದು. ಆದರೆ ಈ ಪ್ರಯೋಗಗಳ ಫಲಿತಾಂಶವೇ ಮುಂದೆ ಶಿಫಾರಸು ಆಗಿ ರೈತರ ಕೈಗೆ ಹೋಗುತ್ತದೆ. ಇಲ್ಲದ ವ್ಯತ್ಯಾಸವನ್ನು ನಂಬಿ ಒಬ್ಬ ರೈತ ಎಕರೆಗೆ ಒಂದು ಮೂಟೆ ಯೂರಿಯಾ ಜಾಸ್ತಿ ಹಾಕಿದರೆ ಆ ದುಡ್ಡು ಅವನ ಜೇಬಿನದು.

ಇನ್ನು ಆರ್ ಯಾಕೆ ಅಂದರೆ, ಅದು ಉಚಿತ ಅನ್ನೋದು ಮೊದಲ ಕಾರಣ. ಎಸ್‌ಪಿಎಸ್‌ಎಸ್‌ನ ಪರವಾನಗಿ ವಿದ್ಯಾರ್ಥಿಯ ಸ್ಟೈಪೆಂಡಿಗೆ ಎಟುಕುವಂಥದ್ದಲ್ಲ. ಕ್ರ್ಯಾಕ್ ಮಾಡಿದ ಪ್ರತಿ ಹಾಕಿಕೊಂಡು, ಅದರ ಜೊತೆ ವೈರಸ್ಸೂ ಹತ್ತಿಸಿಕೊಂಡು, ಎರಡು ವರ್ಷದ ಡೇಟಾ ಕಳೆದುಕೊಂಡು ಅತ್ತ ಹುಡುಗಿಯನ್ನು ನೋಡಿದ್ದೇನೆ. ಆರ್ ಹಾಗಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಇಬ್ಬರು 1990ರ ದಶಕದ ಮೊದಲಲ್ಲಿ ಶುರು ಮಾಡಿದ್ದು. ಇಬ್ಬರ ಹೆಸರಿನ ಮೊದಲ ಅಕ್ಷರವೂ ಆರ್. ಮೊದಲ ಪೂರ್ಣ ಆವೃತ್ತಿ ಬಂದದ್ದು 2000ದ ಫೆಬ್ರವರಿ 29ರಂದು. ಅಂದಿನಿಂದ ಇಂದಿನವರೆಗೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಆದರೆ ನನಗೆ ದುಡ್ಡಿಗಿಂತ ದೊಡ್ಡ ಕಾರಣ ಬೇರೆ ಇದೆ. ಆರ್‌ನಲ್ಲಿ ನೀವು ಮಾಡಿದ ಪ್ರತಿ ಹೆಜ್ಜೆಯನ್ನೂ ಬರೆದೇ ಮಾಡಬೇಕು. ಬರೆದದ್ದು ಉಳಿಯುತ್ತದೆ. ಆರು ತಿಂಗಳ ಮೇಲೆ ವೈವಾದಲ್ಲಿ "ಈ ಸಂಖ್ಯೆ ಹೇಗೆ ಬಂತಮ್ಮ?" ಎಂದು ಪರೀಕ್ಷಕರು ಕೇಳಿದರೆ ಫೈಲ್ ತೆರೆದು ತೋರಿಸಬಹುದು. ಮೆನು ಕ್ಲಿಕ್ ಮಾಡುತ್ತ ಹೋದರೆ ಯಾವ ಗುಂಡಿ ಒತ್ತಿದೆ, ಯಾವ ಸಾಲು ಬಿಟ್ಟೆ ಎನ್ನುವುದು ಮರುದಿನವೇ ಮರೆತುಹೋಗುತ್ತದೆ. ಎಸ್‌ಪಿಎಸ್‌ಎಸ್ ಬಳಸುವವರಿಗೂ ಇದಕ್ಕೆ ದಾರಿ ಇದೆ. ಓಕೆ ಗುಂಡಿಯ ಪಕ್ಕದಲ್ಲೇ ಪೇಸ್ಟ್ ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ನೀವು ಕ್ಲಿಕ್ ಮಾಡಿದ್ದೆಲ್ಲ ಆಜ್ಞೆಗಳಾಗಿ ಬರೆದು ಕೂರುತ್ತದೆ. ವರ್ಷಗಟ್ಟಲೆ ಬಳಸಿದವರೂ ಅದನ್ನು ಒಮ್ಮೆಯೂ ಒತ್ತಿರುವುದಿಲ್ಲ. ದಯವಿಟ್ಟು ಒತ್ತಿ.

ಲೆಕ್ಕದ ಜಾಡು ಉಳಿಸುವುದು ಎಷ್ಟು ಮುಖ್ಯ ಅನ್ನೋದಕ್ಕೆ ನಾನು ಯಾವಾಗಲೂ ಹೇಳುವುದು ಥಾಮಸ್ ಹರ್ನ್‌ಡನ್ ಕಥೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧ ಬರೆದಿದ್ದರು. ದೇಶದ ಸಾಲ ಜಿಡಿಪಿಯ 90 ಶೇಕಡಾ ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದಿತ್ತು. ಯುರೋಪಿನ, ಅಮೆರಿಕದ ರಾಜಕಾರಣಿಗಳು ಖರ್ಚು ಕಡಿತಕ್ಕೆ ಅದನ್ನೇ ಆಧಾರವಾಗಿ ಹೇಳಿದರು. ಕೆಲವು ವರ್ಷಗಳ ಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಹರ್ನ್‌ಡನ್ ಕ್ಲಾಸಿನ ಅಭ್ಯಾಸಕ್ಕೆಂದು ಆ ಲೆಕ್ಕವನ್ನು ಮತ್ತೆ ಮಾಡಲು ಹೊರಟ. ಅವರಿಗೆ ಬಂದ ಉತ್ತರ ಇವನಿಗೆ ಬರಲಿಲ್ಲ. ಕೊನೆಗೆ ಲೇಖಕರನ್ನೇ ಕೇಳಿ ಎಕ್ಸೆಲ್ ಫೈಲ್ ತರಿಸಿಕೊಂಡ. ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. ಅದರ ಜೊತೆ ಕೆಲವು ವರ್ಷಗಳ ಅಂಕಿಗಳು ಸೇರಿರಲಿಲ್ಲ, ಸರಾಸರಿ ತೆಗೆದ ರೀತಿಯ ಬಗ್ಗೆಯೂ ತಕರಾರು ಇತ್ತು. ಎಲ್ಲ ಸರಿಮಾಡಿದಾಗ, ಸಾಲ 90 ಶೇಕಡಾ ದಾಟಿದ ಕಡೆ ಮೈನಸ್ 0.1 ಶೇಕಡಾ ಇದ್ದ ಸರಾಸರಿ ಬೆಳವಣಿಗೆ 2.2 ಶೇಕಡಾ ಆಯಿತು. ಫೈಲ್ ಇದ್ದದ್ದರಿಂದ ತಪ್ಪು ಸಿಕ್ಕಿತು. ಕಂಡುಹಿಡಿದವನು ನಿಮ್ಮ ಹಾಗೆಯೇ ಓದುತ್ತಿದ್ದ ಹುಡುಗ.

ಹಾಗಂತ ಆರ್‌ನಲ್ಲಿ ಬೀಳುವ ಹಳ್ಳಗಳು ಇಲ್ಲವೇ ಅಂದರೆ ಇವೆ. ಹೊಸಬರು ಬೀಳುವ ಮೊದಲ ಹಳ್ಳ ಇದು. ಟ್ರೀಟ್‌ಮೆಂಟಿಗೆ 1, 2, 3 ಎಂದು ಏಳರವರೆಗೆ ಹೆಸರಿಡುತ್ತಾರೆ. ಆರ್ ಅದನ್ನು ಹೆಸರು ಅಂದುಕೊಳ್ಳುವುದಿಲ್ಲ, ಅಳತೆ ಅಂದುಕೊಳ್ಳುತ್ತದೆ. ಏಳನೇ ಟ್ರೀಟ್‌ಮೆಂಟ್ ಒಂದನೆಯದರ ಏಳು ಪಟ್ಟು ಎಂದು ತಿಳಿದು ಸರಳ ರೇಖೆ ಎಳೆಯುತ್ತದೆ. ಇದು ಫ್ಯಾಕ್ಟರ್, ಅಂದರೆ ಅಳತೆಯಲ್ಲ, ಗುಂಪಿನ ಹೆಸರು ಅಂತ ನೀವು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಸುಮ್ನೆ ಒಂದು ಅಂದವಾದ ಟೇಬಲ್ ಬರುತ್ತದೆ. ಅದರಲ್ಲಿ ಟ್ರೀಟ್‌ಮೆಂಟಿನ ಡಿ.ಎಫ್. 6ರ ಬದಲು 1, ರೆಪ್ಲಿಕೇಶನ್ನಿಗೆ 2ರ ಬದಲು 1, ಎರರ್‌ಗೆ 18. ಹಾಳೆಯಲ್ಲಿ 2, 6, 12 ಎಂದು ಬರೆದಿಟ್ಟವರಿಗೆ ಅದು ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ.

ಡೇಟಾ ತುಂಬುವ ಹಾಳೆಯ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ನನ್ನ ಹತ್ತಿರ ಬರುವ ಗೋಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹುಟ್ಟಿದವು. ಅಕ್ಕಡಿ ಬೆಳೆಯ ಪ್ರಯೋಗ ಮಾಡುವವರು ರಾಗಿ ಎಂಟು ಸಾಲು, ತೊಗರಿ ಎರಡು ಸಾಲು ಎಂದು ತೋರಿಸಲು ಎಕ್ಸೆಲ್‌ನಲ್ಲಿ 8:2 ಅಂತ ಹೊಡೆಯುತ್ತಾರೆ. ಎಕ್ಸೆಲ್ ಅದನ್ನು ಬೆಳಿಗ್ಗೆ ಎಂಟು ಗಂಟೆ ಎರಡು ನಿಮಿಷ ಅಂದುಕೊಳ್ಳುತ್ತದೆ. ಕಣ್ಣಿಗೆ 8:02 ಎಂದು ಕಾಣುತ್ತದೆ, ಒಳಗೆ 0.3347 ಎಂದು ಕೂತಿರುತ್ತದೆ. ಮುಂದಿನ ಸಾಫ್ಟ್‌ವೇರ್‌ಗೆ ಹೋದಾಗ ಟ್ರೀಟ್‌ಮೆಂಟಿನ ಹೆಸರೇ ಮಾಯ. ವಂಶವಾಹಿಗಳ ಮೇಲೆ ಕೆಲಸ ಮಾಡುವವರಿಗೂ ಇದೇ ಕಾಟ. ಮಾರ್ಚ್1, ಸೆಪ್ಟ್2 ಎಂಬ ಜೀನ್‌ಗಳ ಹೆಸರುಗಳು ತಾರೀಖಾಗಿ ಬದಲಾಗಿ ಸಾಕಾಗಿ, ಕೊನೆಗೆ ಆ ಜೀನ್‌ಗಳ ಹೆಸರನ್ನೇ ಬದಲಾಯಿಸಿದ್ದನ್ನು 2020ರಲ್ಲಿ ಪ್ರಕಟಿಸಿದರು. ನಾವು ಅಷ್ಟು ದೂರ ಹೋಗಬೇಕಿಲ್ಲ. ಆ ಅಂಕಣವನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತುಮಾಡಿದರೆ ಸಾಕು.

ಸೊನ್ನೆ ಮತ್ತು ಖಾಲಿ ಬೇರೆ ಬೇರೆ. ಒಬ್ಬ ಹುಡುಗಿಯ ಒಂದು ತಾಕನ್ನು ಕೊಯ್ಲಿಗೆ ನಾಲ್ಕು ದಿನ ಇರುವಾಗ ಹಂದಿಗಳು ಮೇಯ್ದು ಹೋಗಿದ್ದವು. ಅವಳು ಇಳುವರಿ ಸೊನ್ನೆ ಎಂದು ತುಂಬಿದ್ದಳು. ಆ ಟ್ರೀಟ್‌ಮೆಂಟಿನ ಸರಾಸರಿ ಪಾತಾಳಕ್ಕೆ ಇಳಿದಿತ್ತು. ಸೊನ್ನೆ ಅಂದರೆ ಬೆಳೆ ಕಾಳು ಕೊಡಲಿಲ್ಲ ಎಂದರ್ಥ. ಇಲ್ಲಿ ಬೆಳೆ ಕೊಟ್ಟಿತ್ತು, ನಮಗೆ ಸಿಗಲಿಲ್ಲ. ಅಂಥ ಕಡೆ ಆರ್‌ನಲ್ಲಿ ಎನ್‌ಎ (ಲಭ್ಯವಿಲ್ಲ) ಎಂದು ಬರೆಯಬೇಕು. ಪಕ್ಕದಲ್ಲಿ ಷರಾ ಅಂಕಣ ಮಾಡಿ 'ಹಂದಿ ತಿಂದದ್ದು' ಎಂದು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಹೀಗೆ ಒಂದು ತಾಕು ಹೋದಾಗಲೇ ಇನ್ನೊಂದು ಗಾಬರಿ ಹುಟ್ಟುವುದು. "ಆರ್‌ನಲ್ಲಿ ಒಂದು ಉತ್ತರ, ಎಸ್‌ಪಿಎಸ್‌ಎಸ್‌ನಲ್ಲಿ ಇನ್ನೊಂದು, ಯಾವುದು ಸರಿ ಮೇಡಂ?" ಎಲ್ಲ ತಾಕುಗಳೂ ಇದ್ದಾಗ ಎರಡರ ಉತ್ತರವೂ ಒಂದೇ. ಒಂದು ಕಳೆದುಹೋದ ಕೂಡಲೇ ದಾರಿ ಬೇರೆಯಾಗುತ್ತದೆ. ಆರ್‌ನ ಮಾಮೂಲಿ ಅನೋವಾ ನೀವು ಬರೆದ ಕ್ರಮದಲ್ಲೇ ಒಂದೊಂದರ ಪಾಲನ್ನು ತೆಗೆಯುತ್ತ ಹೋಗುತ್ತದೆ. ಎಸ್‌ಪಿಎಸ್‌ಎಸ್ ಪ್ರತಿಯೊಂದರ ಪಾಲನ್ನೂ ಉಳಿದವುಗಳದ್ದು ಕಳೆದ ಮೇಲೆ ಲೆಕ್ಕ ಹಾಕುತ್ತದೆ. ಆರ್‌ನಲ್ಲಿ ಮೊದಲು ರೆಪ್ಲಿಕೇಶನ್, ಕೊನೆಗೆ ಟ್ರೀಟ್‌ಮೆಂಟ್ ಎಂದು ಬರೆಯಿರಿ. ಆರ್‌ಸಿಬಿಡಿಯಲ್ಲಿ ಟ್ರೀಟ್‌ಮೆಂಟಿನ ಸಾಲು ಎರಡರಲ್ಲೂ ಒಂದೇ ಬರುತ್ತದೆ. ಎರರ್‌ನ ಡಿ.ಎಫ್. ಈಗ 11 ಆಗಿರಬೇಕು, ಅದನ್ನೂ ನೋಡಿಕೊಳ್ಳಿ.

ಆರ್‌ಗೆ ಹೆದರುವವರು ಬೇರೆ ಬಾಗಿಲಿನಿಂದಲೂ ಬರಬಹುದು. ಹಿಸ್ಸಾರ್‌ನ ಕೃಷಿ ವಿಶ್ವವಿದ್ಯಾಲಯದ ಒಪಿಸ್ಟ್ಯಾಟ್, ಕೇರಳ ಕೃಷಿ ವಿಶ್ವವಿದ್ಯಾಲಯದ ಗ್ರೇಪ್ಸ್ ಎರಡೂ ನಮ್ಮ ಥರದ ಪ್ರಯೋಗಗಳಿಗೆಂದೇ ಮಾಡಿದವು. ಗ್ರೇಪ್ಸ್ ಒಳಗೆ ಓಡುವುದು ಆರ್. ಸರ್ವೆ ಮಾಡುವವರಿಗೆ ಜಮೋವಿ ಚೆನ್ನಾಗಿದೆ, ಅದರ ಒಳಗೂ ಆರ್. ತಪ್ಪೇನಿಲ್ಲ, ಬಳಸಿ. ಡಿ.ಎಫ್. ಹಾಳೆ ಮಾತ್ರ ಪಕ್ಕದಲ್ಲಿರಲಿ.

ಈ ಇಡೀ ಲೆಕ್ಕ ಹುಟ್ಟಿದ್ದೇ ಹೊಲದಲ್ಲಿ ಎಂಬುದು ನನಗೆ ಇವತ್ತಿಗೂ ಹೆಮ್ಮೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ ಸೇರಿ, ಅಲ್ಲಿನ ಗೊಬ್ಬರದ ಪ್ರಯೋಗಗಳ ಅಂಕಿಗಳ ಮಧ್ಯೆ ಕೂತು ಅನೋವಾ ಕಟ್ಟಿದರು. ಎಸ್‌ಎಎಸ್ ಕೂಡ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೃಷಿ ಡೇಟಾ ಬಿಡಿಸಲೆಂದು ಶುರುವಾಗಿ, 1976ರಲ್ಲಿ ಕಂಪನಿ ಆದದ್ದು. ಅದೇ ಫಿಶರ್ 1938ರಲ್ಲಿ ಕಲ್ಕತ್ತಾದ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಬಂದಾಗ ಒಂದು ಮಾತು ಹೇಳಿದ್ದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರದವರ ಹತ್ತಿರ ಬಂದರೆ ಅವರು ಮಾಡುವುದು ಮರಣೋತ್ತರ ಪರೀಕ್ಷೆ, ಪ್ರಯೋಗ ಯಾವುದರಿಂದ ಸತ್ತಿತು ಎಂದಷ್ಟೇ ಹೇಳಬಲ್ಲರು ಎಂದು. ಪೆನ್‌ಡ್ರೈವ್ ಹಿಡಿದು ಬಂದವರ ಮುಖ ನೋಡುವಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಅದಕ್ಕೇ ಹೇಳುವುದು, ಕೊಯ್ಲು ಆದ ಮೇಲೆ ಬರಬೇಡಿ, ಬಿತ್ತನೆಗೆ ಮೊದಲೇ ಬನ್ನಿ. ಆರ್‌ನಲ್ಲಿ ಅಗ್ರಿಕೋಲೇ ಎಂಬ ಪ್ಯಾಕೇಜ್ ಇದೆ, ಪೆರು ದೇಶದ ಫೆಲಿಪೆ ಡಿ ಮೆಂಡಿಬುರು ಮಾಡಿದ್ದು. ಯಾವ ತಾಕಿಗೆ ಯಾವ ಟ್ರೀಟ್‌ಮೆಂಟ್ ಎಂದು ಚೀಟಿ ಎತ್ತುವ ಕೆಲಸವನ್ನೂ ಅದೇ ಮಾಡಿಕೊಡುತ್ತದೆ. ಸೀಡ್ ಸಂಖ್ಯೆ (ಬೀಜವಲ್ಲ, ಚೀಟಿ ಎತ್ತುವ ಲೆಕ್ಕ ಎಲ್ಲಿಂದ ಶುರು ಎಂದು ಗೊತ್ತುಮಾಡುವ ಸಂಖ್ಯೆ) ಬರೆದಿಟ್ಟುಕೊಂಡರೆ ಅದೇ ಚೀಟಿಯನ್ನು ಯಾವಾಗ ಬೇಕಾದರೂ ಮತ್ತೆ ತೆಗೆದು ತೋರಿಸಬಹುದು. ಈ ಸಲ ಮುಂಗಾರಿಗೆ ಮೊದಲು ಒಬ್ಬಳು ಹಾಗೇ ಬಂದಳು. ಏಳು ಟ್ರೀಟ್‌ಮೆಂಟ್, ಮೂರು ರೆಪ್ಲಿಕೇಶನ್. ಲೇಔಟ್ ಪ್ರಿಂಟ್ ತೆಗೆದು, ಅದರ ಬೆನ್ನಿಗೆ 20, 2, 6, 12 ಎಂದು ಅವಳ ಕೈಯಲ್ಲೇ ಬರೆಸಿದೆ. ಅದೇ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು, ತಾಕಿನ ಮೂಲೆಗಳಿಗೆ ಗೂಟ ಹೊಡೆಸಲು ಹೋದಳು.