ಕಂಪನಿ ವಿಲೀನದ ಸುದ್ದಿ ಬಂದಾಗ ಗಿರಾಕಿಗೆ ಏನು ಹೇಳಬೇಕು?

ನಾನು ಒಂದು ಖಾಸಗಿ ಎಫ್‌ಎಂ ಕಂಪನಿಯ ಜಾಹೀರಾತು ವಿಭಾಗದಲ್ಲಿದ್ದೇನೆ. ಸ್ಟೇಷನ್ ಇರುವುದು ಹುಬ್ಬಳ್ಳಿಯಲ್ಲಿ. ನನ್ನ ಓಡಾಟವೆಲ್ಲ ಕೊಪ್ಪಳ, ಗಂಗಾವತಿ, ಕಾರಟಗಿ ಕಡೆ. ಇಲ್ಲಿನ ಗಿರಣಿಗಳ ಸೋನಾ ಮಸೂರಿ ಹುಬ್ಬಳ್ಳಿ-ಧಾರವಾಡದ ಅಂಗಡಿಗಳಿಗೆ ಹೋಗುತ್ತದೆ, ಅದಕ್ಕೇ ಗಿರಣಿಯವರು ಅಲ್ಲಿನ ರೇಡಿಯೋದಲ್ಲಿ ಜಾಹೀರಾತು ಕೊಡುತ್ತಾರೆ.

ಈಗ ನಮ್ಮ ಕಂಪನಿ ಇನ್ನೊಂದರ ಜೊತೆ ವಿಲೀನವಾಗುವ ಮಾತು ನಡೆದಿದೆ. ನಮಗೆ ಗೊತ್ತಾಗಿದ್ದು ಪೇಪರ್ ನೋಡಿ. ಆಮೇಲೆ ಆಫೀಸಿನಿಂದ ಒಂದು ಮೇಲ್ ಬಂತು: ಯಾವ ಬದಲಾವಣೆಯೂ ಇಲ್ಲ, ಕೆಲಸ ಮುಂದುವರಿಸಿ.

ಗಿರಣಿಯಲ್ಲಿ ಗಿರಾಕಿಯ ಎದುರು ಕೂತಾಗ ಆ ಮೇಲ್ ಸಾಲುವುದಿಲ್ಲ. ಗಂಗಾವತಿಯ ಸಾವ್ಕಾರರೊಬ್ಬರು ನೇರವಾಗಿ ಕೇಳಿದರು: "ತಮ್ಮಾ, ನಿಮ್ ಕಂಪನಿ ಮಾರಾಕ ಹತ್ತ್ಯಾರಂತ. ನಾ ಮುಂಗಡ ಕೊಟ್ಟ ರೊಕ್ಕದ ಗತಿ ಏನು?"

ಏನೂ ಆಗಲ್ಲ ಸಾವ್ಕಾರ್ರೆ ಅನ್ನಬಹುದಿತ್ತು. ಆದರೆ ಅದು ನನ್ನ ಕೈಯಲ್ಲಿಲ್ಲದ ಮಾತು. ಅವರ ರಿಲೀಸ್ ಆರ್ಡರ್, ಅಂದರೆ ಜಾಹೀರಾತು ಬುಕ್ ಮಾಡುವಾಗ ಗಿರಾಕಿ ಕೊಡುವ ಆದೇಶ ಪತ್ರ, ತೆಗೆದು ಲೆಕ್ಕಕ್ಕೆ ಕೂತೆ. ರೇಡಿಯೋದಲ್ಲಿ ನಾವು ಮಾರುವುದು ಸೆಕೆಂಡು, ದರ ಹತ್ತು ಸೆಕೆಂಡಿಗೆ ಇಷ್ಟು ಅಂತ. ಎಷ್ಟು ಸ್ಪಾಟ್ (ಒಂದು ಸಲ ಪ್ರಸಾರವಾಗುವ ಜಾಹೀರಾತು) ಹೋಗಿದೆ, ಯಾವುದು ತಪ್ಪಿದೆ, ಎಷ್ಟು ಬಾಕಿ ಇದೆ ಎಂದು ಪ್ರಸಾರದ ಸರ್ಟಿಫಿಕೇಟ್ (ಯಾವ ಜಾಹೀರಾತು ಯಾವಾಗ ಹೋಯಿತು ಎಂದು ಸ್ಟೇಷನ್ ಕೊಡುವ ದಾಖಲೆ) ಜೊತೆ ತಾಳೆ ನೋಡಿದೆವು. ಬಾಕಿ ಸೆಕೆಂಡುಗಳನ್ನು ಬಿಲ್ಲಿಂಗ್ ವಿಭಾಗದಿಂದ ಮೇಲ್‌ನಲ್ಲಿ ಬರೆಸಿಕೊಂಡು ಅವರಿಗೆ ಕಳಿಸಿದೆ.

ಆಗ ಕಂಡಿದ್ದು ಇದು: ನಮ್ಮ ವ್ಯಾಪಾರದ ಎಷ್ಟೋ ಭಾಗ ಬಾಯಿಮಾತಿನಲ್ಲೇ ಇದೆ. ದೀಪಾವಳಿಗೆ ನಾಲ್ಕು ಸ್ಪಾಟ್ ಜಾಸ್ತಿ ಹಾಕ್ತೀವಿ, ಹಳೇ ದರಕ್ಕೇ ಕೊಡ್ತೀವಿ, ಇಂಥವೆಲ್ಲ ಫೋನಿನಲ್ಲಿ ಆದ ಮಾತು. ಹೊಸ ಮಾಲೀಕರ ಲೆಕ್ಕದಲ್ಲಿ ಇವು ಎಲ್ಲಿರುತ್ತವೆ? ನಾಳೆ ನನ್ನನ್ನೇ ಬೇರೆ ಕಡೆ ಹಾಕಿದರೆ ಸಾವ್ಕಾರರು ಯಾರನ್ನು ಕೇಳಬೇಕು? ಅದಕ್ಕೇ ಈಗ ಪ್ರತಿ ಗಿರಾಕಿಗೂ ಹೇಳಿದ ಮಾತನ್ನೆಲ್ಲ ಬರಹಕ್ಕೆ ಇಳಿಸುತ್ತಿದ್ದೇನೆ, ಮ್ಯಾನೇಜರ್ ಒಪ್ಪಿಗೆ ಸಮೇತ. ನನ್ನ ಮಟ್ಟಿಗೆ ಈ ಹೊತ್ತಿನಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇಲ್ಲ.

ಇಂಥ ವ್ಯವಹಾರ ಬೇಗ ಮುಗಿಯುತ್ತದೆ ಎಂದು ನಂಬಿ ಕೂರಬಾರದು. ಅಮೆರಿಕದಲ್ಲಿ ಸಿರಿಯಸ್ ಮತ್ತು ಎಕ್ಸ್‌ಎಂ ಉಪಗ್ರಹ ರೇಡಿಯೋಗಳ ವಿಲೀನ 2007ರ ಫೆಬ್ರುವರಿಯಲ್ಲಿ ಘೋಷಣೆಯಾಗಿ, ಮುಗಿದಿದ್ದು 2008ರ ಜುಲೈನಲ್ಲಿ. ನಮ್ಮಲ್ಲೇ ರೇಡಿಯೋ ಸಿಟಿಯ ಕಂಪನಿ 2019ರಲ್ಲಿ ಬಿಗ್ ಎಫ್‌ಎಂ ಅನ್ನು 1,050 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಹೇಳಿತ್ತು. 2020ರಲ್ಲಿ ಆ ಒಪ್ಪಂದವೇ ಮುರಿದುಬಿತ್ತು. ಎಫ್‌ಎಂ ಪರವಾನಗಿ ಕೊಡುವುದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ. ಮಾಲೀಕತ್ವ ಬದಲಾಗಬೇಕಾದರೂ ಅವರ ಒಪ್ಪಿಗೆ ಬೇಕು. ಹಾಗಾಗಿ ಪೇಪರಿನಲ್ಲಿ ಬಂದ ಮಾತ್ರಕ್ಕೆ ಹೆದರಿ ರಾಜೀನಾಮೆ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಒಂದು ವಿಷಯ ಗಮನಿಸಲೇಬೇಕು. ಎರಡೂ ಕಂಪನಿಗಳ ಸ್ಟೇಷನ್ ಒಂದೇ ಊರಿನಲ್ಲಿವೆಯೇ? 2011ರ ಎಫ್‌ಎಂ ನೀತಿಯ ಪ್ರಕಾರ ಒಂದು ಊರಿನ ಖಾಸಗಿ ಚಾನೆಲ್‌ಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಒಬ್ಬರ ಕೈಯಲ್ಲಿ ಇರುವಂತಿಲ್ಲ. ನಾಲ್ಕು ಚಾನೆಲ್ ಇರುವ ಊರಲ್ಲಿ ಒಬ್ಬರಿಗೆ ಒಂದೇ ಅಂತಾಯಿತು. ದೊಡ್ಡ ಊರುಗಳಲ್ಲಿ ಎರಡು ಇಟ್ಟುಕೊಳ್ಳಬಹುದು, ಆದರೆ ಎರಡೆರಡು ಮಾರಾಟ ತಂಡ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೆಲಸ ಹೋಗುವ ಭಯ ಎಲ್ಲಿ ನಿಜ, ಎಲ್ಲಿ ಸುಮ್ನೆ ಗಾಳಿಮಾತು ಅಂತ ಇದರಿಂದ ಸ್ವಲ್ಪ ತಿಳಿಯುತ್ತದೆ.

ನಮ್ಮ ಸ್ವಂತ ಕಾಗದಪತ್ರವೂ ಅಷ್ಟೇ. ನೇಮಕಾತಿ ಪತ್ರ, ಸಂಬಳದ ಸ್ಲಿಪ್, ಪಿಎಫ್ ಪಾಸ್‌ಬುಕ್, ಬರಬೇಕಾದ ಇನ್ಸೆಂಟಿವ್ ಲೆಕ್ಕ ಎಲ್ಲ ತೆಗೆದಿಟ್ಟುಕೊಳ್ಳಬೇಕು. ಹಳೇ ಸರ್ವೀಸ್ ಹೊಸ ಕಂಪನಿಯಲ್ಲೂ ಮುಂದುವರಿಯುತ್ತದೆಯೇ ಎಂದು ಎಚ್‌ಆರ್‌ಗೆ ಬರೆದೇ ಕೇಳಬೇಕು. ಗ್ರಾಚ್ಯುಟಿ ನಿಂತಿರುವುದು ಅದರ ಮೇಲೆ ಅಲ್ವಾ?

ಯುಗಾದಿಯ ಬುಕಿಂಗ್ ಹತ್ತಿರ ಬರುತ್ತಿದೆ. ವಿಲೀನವಾದರೂ ಈ ಬುಕಿಂಗ್ ನಡೆಯುತ್ತದೆ ಎಂದು ಗಿರಾಕಿಗಳಿಗೆ ತೋರಿಸಲು ಒಂದು ಪತ್ರ ಕೊಡಿ ಎಂದು ಮುಖ್ಯ ಕಚೇರಿಯನ್ನು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ನಾನು ಯಾರಿಂದಲೂ ತೆಗೆದುಕೊಳ್ಳುತ್ತಿಲ್ಲ. ಇದನ್ನು ಮ್ಯಾನೇಜರ್‌ಗೂ ತಿಳಿಸಿದ್ದೇನೆ.